ಕೇಳಿ ಪಡೆದ ಕೊಸರು

ಮೂರನೆಯದೂ ಹೆಣ್ಣು ಎಂದು ಸೂಲಗಿತ್ತಿ ಹೊರಗೆ ಬಂದು ಹೇಳಿದ ಗಳಿಗೆಯಲ್ಲೇ ನನ್ನ ಅತ್ತೆ ಗಿರಿಯಮ್ಮ ಹೆಸರನ್ನೂ ಹೇಳಿಬಿಟ್ಟಿದ್ದರು. ಸಾಕಮ್ಮ. ಹಾಗೆ ಕರೆದರೆ ದೇವರಿಗೆ ಅರ್ಥವಾಗಿ ಮುಂದಿನದು ಗಂಡಾಗುತ್ತದೆ ಎಂಬುದು ಬಾಗೂರಿನಲ್ಲಿ ಯಾರೂ ಪ್ರಶ್ನಿಸದ ಮಾತು. ತವರಿನಲ್ಲಿ ಅಮ್ಮ ಇಲ್ಲದ್ದರಿಂದ ಆ ಸಲದ ಬಾಣಂತನ ಅತ್ತೆಮನೆಯಲ್ಲೇ ಆಯಿತು.

ನಾನು ಚಿತ್ರದುರ್ಗದಲ್ಲಿ ಬಿ.ಎ. ಓದಿದವಳು. ಪದಗಳೆಂದರೆ ಸ್ವಲ್ಪ ಭಯ. ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಒಬ್ಬಳು ಸಾಕಮ್ಮ ಕೂರುತ್ತಿದ್ದಳು. ಹಾಜರಿಯಲ್ಲಿ ಅವಳ ಹೆಸರು ಬಂದ ಕೂಡಲೇ ಹಿಂದಿನ ಬೆಂಚಿನ ಹುಡುಗರು "ಸಾಕು ಸಾರ್, ಸಾಕು!" ಎನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ನಗುವಾಗ ಪುಸ್ತಕದ ಮೂಲೆಯನ್ನು ಉಗುರಿನಿಂದ ಕೀಳುತ್ತಿದ್ದಳು.

ಬಾಣಂತಿ ಕೋಣೆಯಲ್ಲಿ ಮಲಗಿ ಆ ಪದವನ್ನೇ ತಿರುವಿ ಮುರುವಿ ನೋಡಿದೆ. ಸಾಕು ಎಂದರೆ ಇನ್ನು ಬೇಡ ಅಂತಲೂ ಹೌದು, ಸಲಹು ಅಂತಲೂ ಹೌದು. ಕುರಿ ಸಾಕುವ ಮನೆ ನಮ್ಮದು. ಮರಿಗಳನ್ನು ಒಳಗೆ ಕರೆದುಕೊಳ್ಳುವ ಪದವೇ ನನ್ನ ಮಗುವನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವುದು ಹೇಗೆ? ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಚಿತ್ರಲಿಂಗಪ್ಪನವರಿಗೆ ಹೇಳಿದೆ.

"ಇಸ್ಕೂಲಿಗೆ ಸೇರಿಸುವಾಗ ಬೇರೆ ಬರೆಸಿದ್ರಾಯ್ತು ಬಿಡು," ಎಂದು ಎದ್ದುಹೋದರು.

ಆದರೆ ಊರು ಕರೆಯುವುದು ನಾಮಕರಣದ ದಿನ ಕಿವಿಯಲ್ಲಿ ಕೂಗಿದ ಹೆಸರಿನಿಂದ.

ನಾಮಕರಣದ ಹಿಂದಿನ ದಿನ ಅವರೆಕಾಯಿ ಮಾರುವ ಹುಚ್ಚಕ್ಕ ಪುಟ್ಟಿ ಹೊತ್ತು ಬಂದಳು. ಅವಳು ಸೇರು ತುಂಬಿ ಸುರಿದಳು. ಅತ್ತೆ ಮೊರವನ್ನು ಹಿಂದಕ್ಕೆ ತೆಗೆಯಲಿಲ್ಲ.

"ಕೊಸರು ಹಾಕೇ."

"ಹಾಕಿದ್ನಲ್ಲವ್ವಾ! ನಿನ್ನ ಕೊಸರಿಗೇ ನನ್ನ ಪುಟ್ಟಿ ಬರಿದಾಗ್ತೈತೆ."

"ಅದು ಉದುರಿದ್ದು. ಉದುರಿದ್ದೆಲ್ಲ ಕೊಸರೇನೇ? ಕೈಯಾರೆ ಹಾಕು."

ಹುಚ್ಚಕ್ಕ ಬೈಯುತ್ತಲೇ ಅಳತೆಯ ಮೇಲೆ ಒಂದು ಹಿಡಿ ಹಾಕಿದಳು. ಅವಳು ಹೋದ ಮೇಲೆ ನಾನು ಕೇಳಿದೆ, "ಅತ್ತೆ, ಸೇರು ತುಂಬಿತ್ತಲ್ಲ. ಮತ್ಯಾಕೆ ಕೊಸರು?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಸೇರು ದುಡ್ಡಿಗೆ ಬಂದಿದ್ದು. ಕೊಸರು ನನಗೆ ಬಂದಿದ್ದು. ಇಷ್ಟು ಓದಿದೀಯ, ಅದೂ ಗೊತ್ತಾಗಲ್ವಾ?"

ಕೊಸರಿಲ್ಲದಿದ್ದರೂ ಸಾರು ಆಗುತ್ತಿತ್ತು. ಆದರೆ ಕಾಯಿ ಬಿಡಿಸುವಾಗ ಗಮನಿಸಿದೆ: ಆ ಹಿಡಿಯನ್ನು ಅವರು ಬೇರೆಯೇ ಇಟ್ಟುಕೊಂಡು, ಒಂದೊಂದೇ ಕಾಯಿ ಮೂಸಿ ನೋಡಿ ಬಿಡಿಸುತ್ತಿದ್ದರು.

ನಮ್ಮಲ್ಲಿ ಹೆಸರು ಕೂಗುವುದು ಸೋದರತ್ತೆ. ಅವಳು ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಕೂಗುತ್ತಾಳೆ, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಕೂಗಿದ ಮೇಲೆ ಮುಗಿಯಿತು. ಮರುದಿನ ನನ್ನ ಗಂಡನ ಅಕ್ಕ ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ಬಾಗಿದರು. ಹೆಂಗಸರು ಆಗಲೇ ಕೈ ಎತ್ತಿದ್ದರು. ನಾನು ಗಂಗಕ್ಕನ ತುಟಿಯನ್ನೇ ನೋಡುತ್ತಿದ್ದೆ. ತುಟಿ ಬಿಚ್ಚಿತು.

"ಬೇಡ!" ಎಂದೆ.

ಎಲ್ಲರೂ ತಿರುಗಿದರು. ಅತ್ತೆಯ ಎದುರು ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

"ಸಾಕು ಅಂತ ಕೂಗ್ಬೇಡ್ರಿ. ಇವಳು ಕೊಸರು, ಅತ್ತೆ. ನೀವು ಕೊಸರು ಬೇಡ ಅಂತೀರಾ?"

ಯಾರೋ ಕಿಸಕ್ಕನೆ ನಕ್ಕರು. ಅತ್ತೆ ನಗಲಿಲ್ಲ.

"ಕೊಸರು ತಾನಾಗೇ ಬರಲ್ಲ ಕಣವ್ವ. ಬಾಯಿಬಿಟ್ಟು ಕೇಳಿ ಈಸ್ಕಬೇಕು. ಇದನ್ನ ಯಾರು ಕೇಳಿದ್ರು?"

ನನ್ನ ಗಂಡ ನೆಲ ನೋಡುತ್ತಿದ್ದರು. ಆ ಬಸಿರಿನುದ್ದಕ್ಕೂ ಮನೆಯವರೆಲ್ಲ ಗಂಡಿಗೆಂದು ಹರಕೆ ಹೊತ್ತಿದ್ದರು. ನಾನೂ ಅವರ ಜೊತೆ ಕೈಮುಗಿದು ನಿಂತಿದ್ದೆ. ಕೈಮುಗಿದು ಏನು ಕೇಳಿಕೊಂಡೆ ಎಂದು ಯಾರಿಗೂ ಹೇಳಿರಲಿಲ್ಲ.

"ನಾನು ಕೇಳಿದೆ," ಎಂದೆ. "ಹೆಣ್ಣೇ ಬೇಕು ಅಂತ ಕೇಳಿದೆ."

ಅತ್ತೆ ನನ್ನ ಹತ್ತಿರಕ್ಕೆ ಬಂದರು. ಬೈಗುಳ ಬರುತ್ತದೆ ಎಂದು ತೊಟ್ಟಿಲ ಹಗ್ಗ ಹಿಡಿದುಕೊಂಡೆ.

"ಎಂಥ ಧೈರ್ಯನೇ ನಿಂದು," ಎಂದರು. ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು. "ಕೇಳಿ ಈಸ್ಕಂಡೋಳು ನೀನು. ಹಂಗಾರೆ ಹೆಸರೂ ನೀನೇ ಹೇಳು."

ನನ್ನ ಹತ್ತಿರ ಹೆಸರೇ ಇರಲಿಲ್ಲ. ಅಷ್ಟು ದಿನವೂ ಒಂದು ಪದವನ್ನು ತಡೆಯುವುದು ಹೇಗೆಂದೇ ಯೋಚಿಸಿದ್ದೆ. ಅದರ ಜಾಗಕ್ಕೆ ಇನ್ನೊಂದು ಬೇಕಾಗುತ್ತದೆ ಎಂದು ಹೊಳೆದೇ ಇರಲಿಲ್ಲ. ಹೆಂಗಸರು ಗುಸುಗುಸು ಶುರುಮಾಡಿದರು.

"ಬೇಗ ಹೇಳೇ, ಸೊಂಟ ಬಿದ್ದೋಗ್ತೈತೆ," ಎಂದರು ಇನ್ನೂ ಬಾಗಿಯೇ ಇದ್ದ ಗಂಗಕ್ಕ.

"ಸುಮ್ನೆ ಒಂದು ಗಳಿಗೆ..." ಎಂದೆ.

ಆ ಗದ್ದಲದಲ್ಲಿ ಗಂಗಕ್ಕನಿಗೆ ಕೇಳಿಸಿದ್ದು ಅರ್ಧ ಪದ.

"ಸುಮಾ! ಸುಮಾ! ಸುಮಾ!"

ಬೆನ್ನ ಮೇಲೆ ಗುದ್ದುಗಳು ಬಿದ್ದವು. "ಅಯ್ಯಯ್ಯೋ, ಸಾಯಿಸ್ತೀರೇನ್ರೇ!" ಎಂದು ಗಂಗಕ್ಕ ಬೆನ್ನು ಉಜ್ಜಿಕೊಳ್ಳುತ್ತಾ ಎದ್ದರು. "ಹೂವಿನ ಹೆಸರಲ್ವಾ? ಓದಿದೋಳು, ಚೆನ್ನಾಗೇ ಹುಡುಕವಳೆ."

ಅಲ್ಲ, ನಾನಂದದ್ದು ಸುಮ್ನೆ ಎನ್ನಲು ಬಾಯಿ ತೆರೆದೆ, ಹಾಗೆಯೇ ಮುಚ್ಚಿದೆ. ಯಾಕೆ ಬಂದೆ ಎಂದು ಕೇಳಿದರೆ ನಮ್ಮ ಕಡೆ ಜನ ಸುಮ್ಮನೆ ಬಂದೆ ಎನ್ನುತ್ತಾರೆ. ಅಂಥವರಿಗೆ ಯಾರೂ ಎದ್ದುಹೋಗು ಎನ್ನುವುದಿಲ್ಲ.

ಅಷ್ಟರಲ್ಲಿ ಅತ್ತೆ ಆ ಹೆಸರನ್ನು ಬಾಗೂರಿನ ಬಾಯಿಗೆ ಒಗ್ಗಿಸಿಕೊಂಡಿದ್ದರು. ತೊಟ್ಟಿಲು ತೂಗುತ್ತಾ ಮಗುವಿನ ಮೂಗು ಮುಟ್ಟಿ ಕೇಳುತ್ತಿದ್ದರು:

"ಯಾಕೆ ಬಂದ್ಯೇ, ಏ ಸುಮ್ಮೀ?"