ನಾರ್ಮಲ್ ಅಂದರೆ ನಾನು

“ಕತ್ತೆ ಮೇಯಿಸಬೇಕಾದ ಕೈಗೆ ಸೂಜಿ ಕೊಟ್ಟೆನಲ್ಲ, ಅದು ನನ್ನ ತಪ್ಪು ಸಾರ್. ಎಂಟನೇ ಕ್ಲಾಸು ದಾಟೋ ಯೋಗ್ಯತೆ ಇಲ್ಲ. ಹೆಂಡತಿ ತಮ್ಮ ಅಂತ ಕರ್ಕೊಂಡು ಬಂದೆ, ಈಗ ಅನುಭವಿಸ್ತಿದೀನಿ!”

ಭಾವ ಹೀಗೆ ಅಂದದ್ದು ಲ್ಯಾಬಿನ ಹೊರಕೋಣೆಯಲ್ಲಿ, ಸರದಿಗೆ ಕೂತಿದ್ದ ಅಷ್ಟೂ ಜನರ ಎದುರು. ಬೆರಳು ನನ್ನ ಕಡೆ, ಮಾತು ಎದುರಿಗಿದ್ದ ಬಸ್ ಡ್ರೈವರಿಗೆ. ಆತನ ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಅದಕ್ಕೆ ಮೊದಲು ಪರೀಕ್ಷೆಗೆ ರಕ್ತ ತೆಗೆದವನು ನಾನು. ಪರೀಕ್ಷೆ ಮಾಡಿ, ಹಿಮೋಗ್ಲೋಬಿನ್ ಒಂಬತ್ತೂವರೆ ಅಂತ ಬರೆದು ಸಹಿ ಹಾಕಿದವರು ಭಾವ, ನಮ್ಮ ಲ್ಯಾಬಿನ ಹಿರಿಯ ಟೆಕ್ನೀಷಿಯನ್. ಅಷ್ಟಿದ್ದರೆ ಸಾಕೆಂದು ಅದನ್ನು ನಂಬಿ ಡಾಕ್ಟರು ಕತ್ತರಿ ಹಿಡಿದರು. ಅರ್ಧದಲ್ಲೇ ರಕ್ತ ಸಾಲದೆ ಹೆಂಗಸಿನ ಜೀವಕ್ಕೇ ಕುತ್ತು ಬಂದು, ಈಗ ದೊಡ್ಡಾಸ್ಪತ್ರೆಯ ಐಸಿಯುನಲ್ಲಿದ್ದಾಳೆ.

“ಕೈಗೆ ಪಟ್ಟಿ ಬಿಗಿದು ಬಿಚ್ಚೋದೇ ಮರೆತಿದಾನೆ ಸಾರ್. ಹಾಗೆ ಬಿಟ್ರೆ ರಕ್ತ ಅಲ್ಲೇ ಗಟ್ಟಿಯಾಗಿ ಲೆಕ್ಕ ಜಾಸ್ತಿ ಬರುತ್ತೆ,” ಎಂದರು ಭಾವ.

ಅಪ್ಪಟ ಸುಳ್ಳು. ಪಟ್ಟಿ ಬಿಗಿದಷ್ಟೇ ಬೇಗ ಬಿಚ್ಚುತ್ತೇನೆ ನಾನು. ಕೈಗೆ ಸಿಗದ ನರವನ್ನೂ ನೋಯಿಸದೆ ಹಿಡಿಯುತ್ತೇನೆಂದು ಮುದುಕಿಯರು ನನ್ನನ್ನೇ ಕೇಳಿಕೊಂಡು ಬರುತ್ತಾರೆ. ಆ ಕೈಗೇ ಮಸಿ ಬಳಿದರೆ ಈ ಊರಿನ ಯಾವ ಲ್ಯಾಬೂ ನನ್ನನ್ನು ಹೊಸ್ತಿಲು ತುಳಿಯಲು ಬಿಡುವುದಿಲ್ಲ. ನನಗೆ ಬರುವುದು ಅದೊಂದೇ ಕೆಲಸ. ಬಾಯಿ ತೆರೆಯುವಷ್ಟರಲ್ಲಿ ಡ್ರೈವರೇ ಗುಡುಗಿದ: “ಆ ರಕ್ತ ಇನ್ನೂ ಇಟ್ಟಿದೀರಾ? ಬೇರೆ ಕಡೆ ತೋರಿಸಿ. ಐಸಿಯು ಹತ್ರ ಹೋಗಿ ಬರ್ತೀನಿ. ಬರೋಷ್ಟರಲ್ಲಿ ನನಗೆ ಉತ್ತರ ಬೇಕು.”

ಮಾಲೀಕರು ಒಳಕೋಣೆಯಿಂದ ಬಂದು, ಫ್ರಿಜ್ಜಿನಲ್ಲಿ ಉಳಿದಿದ್ದ ಆಕೆಯ ಟ್ಯೂಬನ್ನು ದೊಡ್ಡಾಸ್ಪತ್ರೆಯ ಲ್ಯಾಬಿಗೆ ಕೊಂಡುಹೋಗಲು ನನಗೇ ಹೇಳಿದರು. ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಅಲ್ಲಿನ ಲ್ಯಾಬು ಮೂರನೇ ಮಹಡಿಯಲ್ಲಿ. ಹತ್ತಿ ಹೋಗುವಷ್ಟರಲ್ಲಿ ಎದೆ ಡವಡವ.

“ಏನೋ, ಬೈಕ್ ತಳ್ಕೊಂಡು ಬಂದ್ಯಾ?” ಎಂದರು ಅಲ್ಲಿನ ಟೆಕ್ನೀಷಿಯನ್ ಮೇಡಂ. ನಮ್ಮ ರಿಪೋರ್ಟಿನ ಒಂಬತ್ತೂವರೆ ನೋಡಿ, ಕನ್ನಡಕ ಹಣೆಗೇರಿಸಿ ಟ್ಯೂಬನ್ನು ಅಲುಗಾಡಿಸಿ ಮೆಷಿನ್ನಿಗೆ ಕೊಟ್ಟರು. ಏಳೂವರೆ. ನಂಬಿಕೆ ಬರದೆ ಪಕ್ಕದ ಮೆಷಿನ್ನಿಗೂ ಕೊಟ್ಟರು. ಏಳೂವರೆ.

“ನಂದೇ ಕೈ ತಪ್ಪಂತೆ ಮೇಡಂ, ಪಟ್ಟಿ ಬಿಚ್ಚಲಿಲ್ವಂತೆ.”

“ಯಾರಪ್ಪಾ ಅಂದಿದ್ದು? ನಿನ್ನ ಕೈ ತಪ್ಪಾಗಿದ್ರೆ ಇಲ್ಲೂ ಒಂಬತ್ತೂವರೆನೇ ಬರ್ಬೇಕಿತ್ತು. ರಕ್ತ ಅದೇ, ಟ್ಯೂಬ್ ಅದೇ. ಸುಳ್ಳು ಹೇಳ್ತಿರೋದು ನಿಮ್ಮ ಮೆಷಿನ್ನು. ದಿನಾ ಬೆಳಗ್ಗೆ ಅದಕ್ಕೆ ಕಂಟ್ರೋಲ್ ಅಂತ ಏನು ಹಾಕ್ತಾರೆ?”

“ನನ್ನನ್ನೇ ಹಾಕ್ತಾರೆ.”

“ಹಾಂ?”

ಹೇಳಿದೆ. ಮೆಷಿನ್ ಸರಿಯಿದೆಯೋ ಇಲ್ಲವೋ ನೋಡಲು ಕಂಪನಿಯವರು ಲೆಕ್ಕ ಗೊತ್ತಿರುವ ರಕ್ತದ ಬಾಟಲಿ ಕಳಿಸುತ್ತಾರೆ. ನಮ್ಮ ಮಾಲೀಕರು ಅದನ್ನು ತರಿಸುವುದನ್ನೇ ನಿಲ್ಲಿಸಿದ್ದರು. ನಾನು ಸೇರಿದ ಹೊಸದರಲ್ಲಿ ಭಾವ ನನ್ನ ರಕ್ತ ನೋಡಿ, “ಹದಿನಾಲ್ಕೂವರೆ! ಕಲ್ಲಿನ ಹಾಗಿದೀಯ ಕಣೋ,” ಎಂದು ಬೆನ್ನು ತಟ್ಟಿದ್ದರು. ಅಂದಿನಿಂದ ದಿನಾ ಬೆಳಗ್ಗೆ, ಬಾಗಿಲು ತೆರೆಯುವ ಮೊದಲು, ನನ್ನ ತೋಳಿನಿಂದ ಎರಡು ಟ್ಯೂಬು. ಮೆಷಿನ್ ಹದಿನಾಲ್ಕೂವರೆ ತೋರಿಸಿದರೆ ಎಲ್ಲ ಸರಿ. ಕಮ್ಮಿ ತೋರಿಸಿದರೆ ಭಾವ ಮೆಷಿನ್ನಿನ ಕಿವಿ ಹಿಂಡಿ ಹದಿನಾಲ್ಕೂವರೆಗೆ ತರುತ್ತಿದ್ದರು. “ಒಂದು ವರ್ಷ ಹೀಗೇ ಇರು, ಆಮೇಲೆ ಮೆಷಿನ್ ಕಲಿಸ್ತೀನಿ,” ಅಂದಿದ್ದರು. ವರ್ಷ ಕಳೆದು ಇನ್ನೊಂದು ವರ್ಷವೂ ಮುಗಿಯುತ್ತ ಬಂದಿತ್ತು. ಕಲಿಸಲಿಲ್ಲ. ಆದರೂ ನನಗೊಂದು ಜಂಬವಿತ್ತು. ನಾರ್ಮಲ್ ಅಂದರೆ ನಾನು. ಸಾಲಲ್ಲಿ ಕೂತ ಮೇಷ್ಟ್ರು, ಲಾಯರು, ಅಂಗಡಿ ಸಾಹುಕಾರ, ಎಲ್ಲರನ್ನೂ ಅಳೆಯುತ್ತಿದ್ದದ್ದು ನನ್ನಿಂದ.

ಮೇಡಂ ಮೊದಲು ನಕ್ಕರು. “ಚೆನ್ನಾಗಿದೆ! ತಕ್ಕಡಿಗೆ ತೂಕದ ಕಲ್ಲು ನೀನು.” ಆಮೇಲೆ ನಗು ನಿಲ್ಲಿಸಿ, ನನ್ನ ಕೆಳರೆಪ್ಪೆ ಎಳೆದು ನೋಡಿ, ಸಿರಿಂಜು ತೆಗೆದುಕೊಂಡು ನನ್ನ ರಕ್ತವನ್ನೂ ಮೆಷಿನ್ನಿಗೆ ಕೊಟ್ಟರು.

ಹನ್ನೊಂದೂವರೆ.

“ಇಳಿದಿದ್ದು ಮೆಷಿನ್ ಅಲ್ಲ ಕಣೋ, ನೀನು. ನೀನು ಇಳಿದಷ್ಟೂ ಅವರು ಮೆಷಿನ್ನ ಏರಿಸಿದಾರೆ. ನೀನೂ ನಾರ್ಮಲ್ಲು, ಊರೆಲ್ಲಾ ನಾರ್ಮಲ್ಲು. ಬೆಳಗ್ಗೆ ಏನು ತಿಂತೀಯಾ?”

“ಟೀ ಕುಡೀತೀನಿ.”

“ಟೀ ಕುಡಿದು ದಿನಾ ಎರಡೆರಡು ಟ್ಯೂಬ್ ಕೊಡ್ತಾ ಹೋದ್ರೆ ಆನೇನೂ ಬಿಳಿಚಿಕೊಳ್ಳುತ್ತೆ. ಯಾರೂ ನಿನ್ನ ಮುಖ ನೋಡಲಿಲ್ವಾ?”

ಯಾರು ನೋಡಬೇಕಿತ್ತು? ಬೆಳಗ್ಗೆ ಭಾವ ನೋಡುತ್ತಿದ್ದದ್ದು ನನ್ನ ಮೊಣಕೈಯ ಒಳಬದಿಯನ್ನು. ಈಚೀಚೆಗೆ ಬಂದವರಿಗೆಲ್ಲ ಹಿಮೋಗ್ಲೋಬಿನ್ ಚೆನ್ನಾಗಿಯೇ ಇರುತ್ತಿತ್ತು. “ಜನ ಹಾಲು, ಮೊಟ್ಟೆ ಚೆನ್ನಾಗಿ ಬಾರಿಸ್ತಿದಾರೆ ಕಣೋ,” ಎಂದು ಭಾವ ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಡುವುದು ನನ್ನ ಸೋಮಾರಿತನ ಅಂದುಕೊಂಡಿದ್ದೆ. ಅಕ್ಕನೂ ಹಾಗೇ ಅನ್ನುತ್ತಿದ್ದಳು: “ಎತ್ತಿನ ಹಾಗೆ ಬೆಳೆದಿದೀಯ, ಒಂದು ಬಕೆಟ್ ನೀರು ಎತ್ತೋಕೆ ಏದುಸಿರು!”

ಮೇಡಂ ನನ್ನೆದುರೇ ನಮ್ಮ ಮಾಲೀಕರಿಗೆ ಫೋನು ಮಾಡಿದರು. “ಮೊದಲು ಆ ಮೆಷಿನ್ ನಿಲ್ಲಿಸಿ. ಈಚೆಗೆ ಕೊಟ್ಟ ರಿಪೋರ್ಟಿನವರನ್ನೆಲ್ಲಾ ವಾಪಸ್ ಕರೀರಿ. ಇಲ್ಲಾಂದ್ರೆ ನಾನೇ ಮೇಲಿನವರಿಗೆ ಹೇಳ್ಬೇಕಾಗುತ್ತೆ,” ಎಂದರು. ನನಗೆ ನಗು ಬಂತು. ಹುಚ್ಚನ ಹಾಗೆ ಖುಷಿಯಾಗಿ ಇಳಿದು ಬಂದೆ. ತಪ್ಪು ನನ್ನ ಕೈಯದ್ದಲ್ಲ ಅಂತ ಈಗ ಮಾಲೀಕರಿಗೇ ಗೊತ್ತಿತ್ತಲ್ಲ.

ಲ್ಯಾಬಿಗೆ ಬಂದಾಗ ಮೆಷಿನ್ನಿನ ವಯರು ಕಿತ್ತು ಮೇಲೆ ಬಟ್ಟೆ ಹೊದಿಸಿದ್ದರು, ಹೆಣಕ್ಕೆ ಹೊದಿಸಿದ ಹಾಗೆ. ಹೊರಗೆ ಕೂತವರಿಗೆ, “ಕರೆಂಟ್ ಪ್ರಾಬ್ಲಂ” ಎಂದು ಹೇಳಿದ್ದರು. ಭಾವ ನನ್ನನ್ನು ಬಾಟಲಿ ತೊಳೆಯುವ ಮೂಲೆಗೆ ಎಳೆದುಕೊಂಡು ಹೋದರು.

“ನೋಡೋ, ಎಲ್ಲಾ ಗೊತ್ತಾಯ್ತು. ಮೆಷಿನ್ ಹಳೇದು, ಇಳೀತಿದೆ ಅಂದ್ಕೊಂಡೆ.”

“ನಾನು ಇಳೀತಿದ್ದೆ ಭಾವ.”

“ಆಯ್ತಪ್ಪಾ, ಮಾತ್ರೆ ಕೊಡಿಸ್ತೀನಿ, ಸರಿಹೋಗುತ್ತೆ. ಈಗ ಆ ಡ್ರೈವರ್ ಬರ್ತಾನೆ. ನಿಂದೇ ಕೈ ತಪ್ಪು ಅಂದುಬಿಡು. ಮಾಲೀಕರೂ ಒಪ್ಪಿದಾರೆ.”

“ನಾನ್ಯಾಕೆ ಅನ್ಲಿ?”

“ನನಗೆ ಸರ್ಟಿಫಿಕೇಟ್ ಇದೆ, ಅದು ಹೋಗುತ್ತೆ. ನಿನ್ನ ಹತ್ರ ಕಳ್ಕೊಳ್ಳೋಕೆ ಏನಿದೆಯೋ?”

ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. ನಾನು ಮುಷ್ಟಿ ಬಿಗಿದದ್ದನ್ನು ಕಂಡು ಅವರು ಅಕ್ಕನಿಗೆ ಫೋನು ಹಚ್ಚಿ ನನ್ನ ಕಿವಿಗೆ ಒತ್ತಿದರು.

“ತಮ್ಮಾ, ಒಪ್ಕೊಂಡುಬಿಡೋ,” ಎಂದಳು ಅಕ್ಕ. “ಮಕ್ಕಳನ್ನ ಕಟ್ಕೊಂಡು ನಾನೆಲ್ಲಿ ಹೋಗ್ಲಿ? ನಿಂಗೆ ಇನ್ನೊಂದು ಕೆಲಸ ಸಿಗುತ್ತೆ. ನಮ್ಮನೇಲಿ ಇಷ್ಟು ದಿನ ಉಂಡಿದ್ದಕ್ಕಾದ್ರೂ...”

“ಅಕ್ಕಾ, ನನ್ನ ರಕ್ತ ಹನ್ನೊಂದೂವರೆಗೆ ಬಂದಿದೆ.”

“ಅವರು ಹೇಳಿದ್ರು. ಮಾತ್ರೆ ತಗೊಂಡ್ರೆ ಆಗುತ್ತಂತಲ್ಲ.”

ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನನ್ನ ದವಡೆ ನಿಜಕ್ಕೂ ನೋಯುತ್ತಿತ್ತು, ಅಷ್ಟು ಕಚ್ಚಿಕೊಂಡಿದ್ದೆ. ಫೋನನ್ನು ಭಾವನ ಕೈಗಿಟ್ಟು ಹೊರಕೋಣೆಗೆ ಬಂದೆ.

ಡ್ರೈವರು ಬಂದಿದ್ದ. ಹೆಂಡತಿಗೆ ನಾಲ್ಕನೇ ಬಾಟಲಿ ರಕ್ತ ಏರಿಸುತ್ತಿದ್ದಾರೆ, ಕಣ್ಣು ಬಿಟ್ಟಿದ್ದಾಳೆ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಮಾಲೀಕರು ಕುರ್ಚಿ ತರಿಸಿ ಅವನನ್ನು ಕೂರಿಸಿ, ಬೆನ್ನ ಮೇಲೆ ಕೈಯಿಟ್ಟು, ಜನರೆಲ್ಲ ಕೇಳುವ ಹಾಗೆ ನನ್ನನ್ನು ಕರೆದರು.

“ಬಾರಪ್ಪಾ. ಇವರಿಗೆ ನೀನೇ ಹೇಳು. ಚಿಕ್ಕ ಹುಡುಗ, ತಿಳೀದೆ ಆಯ್ತು ಅಂದ್ರೆ ಇವರೂ ದೊಡ್ಡ ಮನಸ್ಸು ಮಾಡ್ತಾರೆ. ಪಟ್ಟಿ ಬಿಚ್ಚೋದು ಮರೆತಿದ್ದೆ ತಾನೆ?”

ಮೇಡಂನ ಫೋನಿಗೆ ಹೂಂಗುಟ್ಟಿದ ಬಾಯಿಯೇ ಇದು. ಭಾವ ಬಾಗಿಲ ಬಳಿ ನಿಂತು ತಲೆ ಆಡಿಸುತ್ತಿದ್ದರು, ಹೂಂ ಅನ್ನು, ಹೂಂ ಅನ್ನು ಎಂಬಂತೆ. ಡ್ರೈವರನ ಕೆಂಪಗಾದ ಕಣ್ಣು ನನ್ನ ಕೈಗಳ ಮೇಲಿತ್ತು.

“ಹೇಳೋ,” ಎಂದ ಅವನು. “ನಿನ್ನ ತಪ್ಪಾ, ಅಲ್ವಾ?”

ಅಲ್ಲ ಅಂದರೆ ಅಕ್ಕನ ಮನೆ ಬೀದಿಗೆ. ಹೌದು ಅಂದರೆ ನಾನು ಬೀದಿಗೆ. ಮೈಮೇಲಿದ್ದ ಲ್ಯಾಬಿನ ನೀಲಿ ಕೋಟು ಕಳಚಿ ಮಾಲೀಕರ ಎದುರಿನ ಮೇಜಿನ ಮೇಲೆ ಹಾಕಿದೆ.

“ಏಯ್, ಕೇಳ್ತಿದಾರಲ್ಲ, ಬಾಯಿ ಬಿಡೋ!” ಭಾವ ಕೂಗಿದರು.

ಕುರ್ಚಿಗಳ ನಡುವಿನ ಸಂದಿಯಲ್ಲಿ ಜನ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು. ಗಾಜಿನ ಬಾಗಿಲು ತಳ್ಳಿ, ಬಿಸಿಲಿಗೆ ಇಳಿದು ನಡೆದೆ.