ನಾಲ್ವರ ಸಹಿ

ಡ್ರೈವರ್ ಪೆಟ್ಟಿಗೆಯ ಒಂದು ಹಿಡಿಯನ್ನು ಎತ್ತಿಯಾಗಿತ್ತು. ಇನ್ನೊಂದಕ್ಕೆ ಕೈಹಾಕುವಷ್ಟರಲ್ಲಿ ಸತ್ತವರ ಮಗಳು ಬಂದು ಅದರ ಮೇಲೆ ಕೂತುಬಿಟ್ಟಳು.

"ಏಳಿ ಅಕ್ಕ. ಬರೀ ಆಫೀಸಿನ ಕಾಗದ. ಸಾಹೇಬ್ರು ತಗೊಂಡು ಬಾ ಅಂದ್ರು."

"ಅಪ್ಪ ಇನ್ನೂ ಹಜಾರದಲ್ಲೇ ಮಲಗಿದಾರೆ. ಅಷ್ಟೇನಪ್ಪ ಅರ್ಜೆಂಟು ನಿಮ್ಮ ಸಾಹೇಬ್ರಿಗೆ?"

ಡ್ರೈವರ್ ತಲೆ ಕೆರೆದುಕೊಂಡು ಹೊರಗೆ ನೋಡಿದ. ಜಗುಲಿಯ ಮೇಲೆ ಕೂತಿದ್ದ ಶಾಸಕರು ಒಳಗೇ ನೋಡುತ್ತಿದ್ದರು.

ಸತ್ತವರನ್ನು ಊರೆಲ್ಲ ಕರೆಯುತ್ತಿದ್ದದ್ದು ಲೆಟರ್‌ಹೆಡ್ ಎಂದು. ಕ್ಷೇತ್ರದ ಶಾಸಕರ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರು. ಮೊದಲು ವಕೀಲರು ಗೆದ್ದರು, ಆಮೇಲೆ ಗಿರಣಿ ಯಜಮಾನರು, ಅವರನ್ನು ಸೋಲಿಸಿ ವಕೀಲರ ಸೊಸೆ, ಈಗ ಗಿರಣಿ ಯಜಮಾನರ ಮಗ. ಗೋಡೆಯ ಫೋಟೊ, ಬಾಗಿಲ ಬಾವುಟ ಎಲ್ಲ ಬದಲಾದರೂ ಗುಮಾಸ್ತರ ಕುರ್ಚಿ ಮಾತ್ರ ಕದಲಲಿಲ್ಲ. ಎಲ್ಲರ ಜುಟ್ಟೂ ಅವನ ಕೈಯಲ್ಲಿದೆ ಎಂದರು ಕೆಲವರು. ಎಲ್ಲರ ಕಡೆಯಿಂದಲೂ ತಿಂದಿದ್ದಾನೆ ಎಂದರು ಹಲವರು. ಮಗಳು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಆ ಹಲವರಲ್ಲಿ ಅವಳೂ ಒಬ್ಬಳು.

*

ಹನ್ನೊಂದು ವರ್ಷದ ಹಿಂದೆ, ಅಮ್ಮ ಹಾಸಿಗೆ ಹಿಡಿದಿದ್ದ ಕಾಲ. ಮಗಳು ಮೂರು ಬಸ್ಸು ಬದಲಿಸಿ ಹೋಗಬೇಕಾದ ಆಸ್ಪತ್ರೆಯಲ್ಲಿ ನರ್ಸು. ರಜೆಗೆ ಬಂದ ಮಧ್ಯಾಹ್ನ ಕೋಣೆಯ ಬಾಗಿಲು ತಳ್ಳಿದರೆ, ಅಪ್ಪ ರದ್ದಿ ಕಾಗದದ ಮೇಲೆ ಒಂದೇ ಸಹಿಯನ್ನು ಸಾಲುಸಾಲಾಗಿ ಹಾಕುತ್ತಿದ್ದರು. ಆಗಿನ ಶಾಸಕಿಯ ಸಹಿ. ಅವಳನ್ನು ಕಂಡು ಕಾಗದ ಮಗುಚಿದರು.

ಅವಳು ಕೇಳಲಿಲ್ಲ. ಈ ಊರಿಗೆ ವರ್ಗ ಕೋರಿ ಬರೆದ ಅರ್ಜಿಯನ್ನು ಮುಂದಿಟ್ಟಳು.

"ನೋಡೋಣಮ್ಮ," ಎಂದರು ಅಪ್ಪ.

ಊರಿನ ಆಸ್ಪತ್ರೆಯ ಆ ಜಾಗಕ್ಕೆ ಬೇರೆ ನರ್ಸು ಬಂದಳು. ಅಮ್ಮ ಹೋದಾಗ ಮಗಳು ಎರಡನೇ ಬಸ್ಸಿನಲ್ಲಿದ್ದಳು. ಅಪ್ಪ ಆ ಜಾಗವನ್ನು ಕಳ್ಳ ಸಹಿ ಹಾಕಿ ಮಾರಿಕೊಂಡರು ಎಂದು ಅಂದೇ ಅವಳಿಗೆ ಖಾತ್ರಿಯಾಯಿತು. ಆಮೇಲೆ ಅವರೊಂದಿಗೆ ಆಡಿದ್ದು ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟೇ.

*

ಜಗುಲಿಯಲ್ಲಿ ಶಾಸಕರು ಸಂತಾಪದ ಪುಸ್ತಕದಲ್ಲಿ ನಾಲ್ಕು ಸಾಲು ಗೀಚಿ ಸಹಿ ಹಾಕಿದರು. ಪಕ್ಕದಲ್ಲಿದ್ದ ತಾಲೂಕು ಕಚೇರಿಯ ನಿವೃತ್ತ ಹೆಡ್‌ಕ್ಲರ್ಕು ಕನ್ನಡಕ ಏರಿಸಿ ಬಗ್ಗಿದರು.

"ಇದು ನಿಮ್ಮ ಸಹಿ ಅಲ್ವಲ್ಲ ಸಾರ್."

"ಏನ್ರೀ ಹಾಗಂದ್ರೆ? ನಿಮ್ಮೆದುರಿಗೇ ಹಾಕಿದ್ನಲ್ಲ!"

"ನಿಮ್ಮ ಸಹಿ ನಾನು ವರ್ಷಗಟ್ಟಲೆ ನೋಡಿದೀನಿ ಸಾರ್. ಬಾಲ ಉದ್ದ, ಕೆಳಗೆ ಎರಡು ಚುಕ್ಕೆ. ಇಂಥದ್ದು ಟೇಬಲ್ಲಿಗೆ ಬಂದಿದ್ರೆ ಕಣ್ಮುಚ್ಕೊಂಡು ವಾಪಸ್ ಕಳಿಸ್ತಿದ್ದೆ."

ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ ಬಿತ್ತು. ಶಾಸಕರು ಎದ್ದು ಒಳಗೆ ಬಂದರು.

"ನೋಡಮ್ಮ, ಅದು ಸರ್ಕಾರಿ ದಾಖಲೆ. ಕೊಟ್ಟುಬಿಡು."

"ಎಲ್ಲರ ಮುಂದೇ ತೆಗೀತೀನಿ. ಕಳ್ಳ ಆಗಿದ್ರೆ ಕಳ್ಳ ಅಂತ ಗೊತ್ತಾಗೇ ಹೋಗ್ಲಿ."

"ಹೆಣ ಎತ್ತೋ ಹೊತ್ತಲ್ಲಿ ಯಾಕೇ ತಾಯಿ ಇದೆಲ್ಲ?" ಎಂದಳು ಪಕ್ಕದ ಮನೆಯ ಅಜ್ಜಿ. ಎಂದವಳೇ ಎಲ್ಲರಿಗಿಂತ ಮುಂದೆ ಬಂದು ನಿಂತಳು.

ಪೆಟ್ಟಿಗೆಯ ತುಂಬ ಅರ್ಜಿಗಳು. ಒಂದೊಂದರ ಮೂಲೆಯಲ್ಲೂ ಆಯಾ ಶಾಸಕರ ಕೈಬರಹ: 'ಆಮೇಲೆ ನೋಡೋಣ'. ಹಿಂದೆ ಗುಂಡುಸೂಜಿಯಲ್ಲಿ ಒಂದು ಶಿಫಾರಸು ಪತ್ರದ ನಕಲು, ಅದರಡಿ ಅದೇ ಶಾಸಕರ ಸಹಿ. ನಾಲ್ವರು ಶಾಸಕರು, ನಾಲ್ಕು ಸಹಿ, ಎಲ್ಲದರದ್ದೂ ಉದ್ದ ಬಾಲ. ಹೆಡ್‌ಕ್ಲರ್ಕು ಒಂದೊಂದಾಗಿ ಓದಿದರು. ಶಾಲೆಗೆ ಎರಡನೇ ಮೇಷ್ಟ್ರು. ಕೆರೆಯ ತೂಬು. ಅಜ್ಜಿಯ ಪಿಂಚಣಿ.

"ಅಯ್ಯೋ, ಇದನ್ನ ಗಿರಣಿ ಯಜಮಾನ್ರು ಮಾಡಿಸಿಕೊಟ್ರು ಅಂತ ನಾನು ಸಾಯೋತನಕ ಅವರಿಗೇ ಓಟು ಅಂದಿದ್ನಲ್ಲಪ್ಪ!" ಎಂದಳು ಅಜ್ಜಿ.

ಶಾಸಕರ ಕೈಗೆ ಸಿಕ್ಕಿದ್ದು ಹೊಳೆಯ ಸೇತುವೆಯ ಅರ್ಜಿ. ಅದರ ಮೇಲೂ ಅವರಪ್ಪನ ಕೈಬರಹದಲ್ಲಿ ಅದೇ 'ಆಮೇಲೆ ನೋಡೋಣ'. ಸೇತುವೆಯ ಕಲ್ಲಿನಲ್ಲಿ ಇವತ್ತಿಗೂ ಇರುವುದು ಅವರಪ್ಪನ ಹೆಸರು. ಅವರು ಕಾಗದವನ್ನು ಇದ್ದ ಹಾಗೇ ಮಡಚಿಟ್ಟರು.

"ಪೆಟ್ಟಿಗೆ ಇಲ್ಲೇ ಇರ್ಲಿ ಬಿಡೋ," ಎಂದರು ಡ್ರೈವರಿಗೆ. ಆಮೇಲೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. "ಇದೇನೂ ಆಚೆ ಹೋಗಬಾರದು."

ಮಗಳು ಕೇಳಿಸಿಕೊಳ್ಳಲಿಲ್ಲ. ಅವಳು ಹುಡುಕುತ್ತಿದ್ದ, ಆ ಜಾಗಕ್ಕೆ ಬಂದ ನರ್ಸಿನ ಅರ್ಜಿ ಕೊನೆಗೂ ಸಿಕ್ಕಿತು. ಗಂಡ ಬಿಟ್ಟುಹೋದವಳು, ಮೊಲೆ ಕುಡಿಯುವ ಮಗು. ಹಿಂದೆ ಶಿಫಾರಸು ಪತ್ರ, ಉದ್ದ ಬಾಲದ ಸಹಿ.

ಅದರ ಕೆಳಗೇ ಅವಳ ಅರ್ಜಿ. ಅದರ ಹಿಂದೆ ಯಾವ ಪತ್ರವೂ ಇರಲಿಲ್ಲ. ಊರಿಗೆಲ್ಲ ಹಾಕಿದವರಿಗೆ ತನಗೊಂದು ಹಾಕಲು ಏನಾಗಿತ್ತು?

"ಹೊತ್ತಾಯ್ತು, ಎತ್ತೋಣ," ಎಂದರು ಯಾರೋ.

ಅವಳು ಅರ್ಜಿಯನ್ನು ಬೆಳಕಿಗೆ ಹಿಡಿದಳು. ಕೆಳಗಡೆ ಪೆನ್ಸಿಲಿನಲ್ಲಿ ಶಾಸಕಿಯ ಸಹಿ ಹಾಕಿ ಅಳಿಸಿತ್ತು. ಮತ್ತೆ ಹಾಕಿ, ಮತ್ತೆ ಅಳಿಸಿತ್ತು. ಉಜ್ಜಿ ಉಜ್ಜಿ ಕಾಗದ ಅಲ್ಲಿ ತೂತಾಗಿತ್ತು. ಆ ತೂತಿನಾಚೆ, ಹಜಾರದಲ್ಲಿ, ಹೊದಿಕೆಯಿಂದ ಹೊರಗುಳಿದ ಅಪ್ಪನ ಬಲಗೈ ಕಾಣುತ್ತಿತ್ತು.