ಎಡದ ತೋಳು ಬಲಕ್ಕೆ

ನಮ್ಮಕ್ಕನ ಬಾಯಿಗೆ ಬೀಗವಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಾರೆ. ನನ್ನ ಬಾಯಿಯ ಬಗ್ಗೆ ಹೇಳುವುದು ಇನ್ನೂ ಕೆಟ್ಟದ್ದು, ಅದು ಬಿಡಿ. ನಾವಿಬ್ಬರೂ ಸೇರಿ ಹೊಲಿಗೆ ಅಂಗಡಿ ನಡೆಸುತ್ತೇವೆ. ಬಟ್ಟೆ ಕತ್ತರಿಸುವುದು ನಾನು, ಮೈಗೆ ಹೊಂದಿಸಿ ಹೊಲಿಯುವುದು ಅಕ್ಕ. ಹೇಳಿದ ಹೊತ್ತಿಗೆ ಬಟ್ಟೆ ಕೊಡದಿದ್ದರೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಹಾಸಿಗೆಯಲ್ಲೇ ಕೂತು ಗುಂಡಿ ಹೊಲಿದು ಕಳಿಸಿದವಳು. ಅಂಥವಳು ಆ ಸಂಜೆ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಗುಬ್ಬಿ ನಮ್ಮ ತಮ್ಮನ ಮಗಳು, ಹದಿನಾರು ವರ್ಷದವಳು. ತಮ್ಮ ಲಾರಿ ಓಡಿಸುತ್ತ ವಾರಗಟ್ಟಲೆ ಊರಲ್ಲಿರುವುದಿಲ್ಲ, ಅವನ ಹೆಂಡತಿ, ನಮ್ಮ ನಾದಿನಿ, ಆಸ್ಪತ್ರೆಯಲ್ಲಿ ನರ್ಸ್. ಅವತ್ತು ಬೆಳಿಗ್ಗೆ ಹುಡುಗಿ ಮಿರಿಮಿರಿ ಮಿಂಚುವ ಕಪ್ಪು ಬಟ್ಟೆ ಹಿಡಿದು ಬಂದಳು. ಸಂಜೆಗೇ ಗೌನ್ ಬೇಕಂತೆ.

ಅಕ್ಕ ಅಳತೆ ಹಿಡಿದಳು. ಬೆಳೆಯುವ ಮಕ್ಕಳ ಬಟ್ಟೆಯ ಒಳಗೆ ಎರಡು ಬೆರಳು ಅಗಲ ಬಟ್ಟೆ ಬಿಟ್ಟು ಹೊಲಿಯುವುದು ನಮ್ಮ ಪದ್ಧತಿ, ಆಮೇಲೆ ಬಿಚ್ಚಿ ಸಡಿಲ ಮಾಡಬಹುದು.

"ಒಳಗೇನೂ ಬಿಡ್ಬೇಡಿ ದೊಡ್ಡತ್ತೆ," ಎಂದಳು ಗುಬ್ಬಿ. "ಮೈಗೆ ಅಂಟ್ಕೊಂಡಿರ್ಬೇಕು. ದೊಡ್ಡೋಳ ಥರ ಕಾಣ್ಬೇಕು ಅಂದಿದಾರೆ."

"ಓಹೋ! ಯಾರಮ್ಮ ಆ ಮಹಾರಾಯ?" ಎಂದು ನಾನು ರೇಗಿಸಿದೆ. ಹುಡುಗಿ ನಗಲಿಲ್ಲ. ಬಟ್ಟೆಯನ್ನು ಮೈಮೇಲೆ ಹೊದ್ದು ಫೋನಿನಲ್ಲಿ ಫೋಟೋ ತೆಗೆದು ಯಾರಿಗೋ ಕಳಿಸಿ, ಪರದೆಯನ್ನೇ ನೋಡುತ್ತ ನಿಂತಳು.

ಅವಳು ಹೋದ ಮೇಲೆ ನಾನೆಂದೆ, "ಲವ್ವು ಕಣೇ. ನಮ್ಮ ಗುಬ್ಬಿಗೂ ರೆಕ್ಕೆ ಬಂತು."

ಅಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡಳು. "ಪ್ರೀತಿ ಮಾಡೋಳು ಫೋಟೋ ಕಳ್ಸಿ ನಾಚ್ಕೋತಾಳೆ. ಇವಳು ಉತ್ತರ ಬರೋ ತನಕ ಉಸಿರು ಬಿಗಿಹಿಡಿದಿದ್ಲು. ಎರಡು ಫೋನ್ ಇದೆ, ನೋಡಿದ್ಯಾ? ಕಾಲಲ್ಲಿದ್ದ ಆ ಹೊಸ ಬೂಟು ಗೆಳತಿ ಕೊಟ್ಟಿದ್ದು ಅಂದ್ಲು, ಮತ್ತೆ ಕೇಳಿದ್ರೆ ಬಹುಮಾನ ಬಂತು ಅಂದ್ಲು. ಹೋದ ಸಲದ ಅಳತೆಗಿಂತ ಸೊಂಟ ಇಳಿದುಹೋಗಿದೆ. ತೋಳಿನ ಮೇಲೆ ಯಾರೋ ಹಿಡಿದು ಅದುಮಿರೋ ಬೆರಳಿನ ಗುರುತು."

ನನಗೆ ಪಿತ್ತ ನೆತ್ತಿಗೇರಿತು. "ಬರ್ಲಿ ಸಂಜೆ! ಕಪಾಳಕ್ಕೆ ಎರಡು ಬಿಗಿದು ಬಾಯಿ ಬಿಡಿಸ್ತೀನಿ."

"ಬಿಗಿ. ಆಗ ಅವಳ ಕಣ್ಣಿಗೆ ಆ ಗುರುತು ಮಾಡಿದವನೇ ಒಳ್ಳೆಯವನಾಗ್ತಾನೆ, ನಾವು ಕೆಟ್ಟವರಾಗ್ತೀವಿ," ಎಂದಳು ಅಕ್ಕ. ನಾದಿನಿಗೆ ಫೋನು ಮಾಡಿದೆವು. ಆಪರೇಷನ್ ಥಿಯೇಟರಿನಲ್ಲಿದ್ದಾಳೆ, ಸಂಜೆಯವರೆಗೆ ಸಿಗುವುದಿಲ್ಲ ಎಂದರು.

ಸಂಜೆ ಗುಬ್ಬಿ ಬಂದಾಗ ಎದುರಿಗೆ ಕಾರೊಂದು ನಿಂತಿತ್ತು. ಒಳಗಿದ್ದವನಿಗೆ ನಮ್ಮ ತಮ್ಮನಷ್ಟು ವಯಸ್ಸು. "ಬೇಗ ಕೊಡಿ ದೊಡ್ಡತ್ತೆ. ಕಾರಲ್ಲಿರೋ ಅಣ್ಣ ಜಾಹೀರಾತಿನವರ ಹತ್ರ ಕರ್ಕೊಂಡು ಹೋಗ್ತಾರೆ. ಬೇರೆ ಊರು. ಅಮ್ಮಂಗೆ ಹೇಳ್ಬೇಡಿ, ಪ್ಲೀಸ್."

ಆ ಕಾರು ಹತ್ತಿದರೆ ಹುಡುಗಿ ನಮ್ಮ ಕೈ ತಪ್ಪಿದಂತೆಯೇ ಎಂದು ನನಗೆ ಗೊತ್ತಾಯಿತು. ಅಕ್ಕ ಮಾತ್ರ ಏನೂ ಆಗಿಲ್ಲವೆಂಬಂತೆ ಅವಳಿಗೆ ಗೌನ್ ತೊಡಿಸಿ ಸ್ಟೂಲಿನ ಮೇಲೆ ನಿಲ್ಲಿಸಿದಳು. ತೋಳುಗಳನ್ನಿನ್ನೂ ಜೋಡಿಸಿರಲಿಲ್ಲ. ಗುಂಡುಸೂಜಿ ಚುಚ್ಚುತ್ತ ಎಡದ ತೋಳನ್ನು ತಂದು ಬಲಕ್ಕೆ ಕೂರಿಸಿ ಹೊಲಿಯತೊಡಗಿದಳು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಮಾಡದ ತಪ್ಪು! ಇವಳ ಕಣ್ಣಿಗೇನಾಯಿತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕಾಲು ತುಳಿದಳು.

ಇದು ಹೊತ್ತು ಕಳೆಯುವ ಆಟವೆಂದು ಹೊಳೆದು, ನಾನು ಫೋನು ಹಿಡಿದು ಹಿಂದಿನ ಕೋಣೆಗೆ ಓಡಿದೆ. ಈ ಸಲ ನಾದಿನಿ ಸಿಕ್ಕಳು. "ಹಾಗೇ ಹಿಡ್ಕೊಂಡಿರಿ ಅತ್ತಿಗೆ, ಬಂದೆ," ಎಂದಳು. ಕಾರಿನ ನಂಬರು ಸಮೇತ ಪೊಲೀಸರಿಗೂ ತಿಳಿಸಿದೆ.

ತಿರುಗಿ ಬಂದರೆ ಅಕ್ಕ ಆ ತೋಳನ್ನು ಬಿಚ್ಚುತ್ತಿದ್ದಳು, ಒಂದೊಂದೇ ಎಳೆ. ಗುಬ್ಬಿಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಪ್ರತಿ ಸಲ ಹುಡುಗಿ ಬೆಚ್ಚುತ್ತಿದ್ದಳು. ಬೀದಿಗೆಲ್ಲ ಕೇಳುವಂತೆ ಕಿರುಚುವ ನಮ್ಮಕ್ಕ ಮೆಲ್ಲಗೆ ಹೇಳಿದಳು, "ನಂಗೆ ನಿನ್ನ ಮೇಲೆ ಕೋಪ ಇಲ್ಲ ಪುಟ್ಟಿ. ನೀನೇನು ಹೇಳಿದ್ರೂ ಬರಲ್ಲ. ನಿನ್ನ ಯಾರಾದ್ರೂ ಹೆದ್ರಿಸ್ತಿದ್ರೆ ತಪ್ಪು ಅವರದು, ನಿಂದಲ್ಲ."



ಕಾರಿನವನೇ ಇಳಿದು ಬಾಗಿಲಿಗೆ ಬಂದ. ನಗುಮುಖದವನು. "ಏನಮ್ಮ, ಗೌನ್ ಹೊಲಿತಿದೀರೋ ಅರಮನೆ ಕಟ್ತಿದೀರೋ?"

"ತೋಳು ಅದಲು ಬದಲಾಗಿಬಿಡ್ತು ಸ್ವಾಮಿ. ವಯಸ್ಸಾಯ್ತು ನೋಡಿ, ಕೆಲಸ ಮರೆತುಹೋಗಿದೆ," ಎಂದಳು ಅಕ್ಕ, ತಲೆ ತಗ್ಗಿಸಿ. ಹೊಲಿಗೆಯ ಬಗ್ಗೆ ಅರ್ಧ ಮಾತಾಡಿದವರನ್ನೂ ಬೀದಿಗಟ್ಟಿದವಳು! ನನಗೆ ಅಳು ಬಂತು, ಅವಳ ಕಾಲಿಗೆ ಬೀಳಬೇಕೆನಿಸಿತು.

ಅವನು ಗುಬ್ಬಿಯ ಕಡೆ ತಿರುಗಿದ. "ಆ ಫೋಟೋಗಳು ಇನ್ನೂ ನನ್ನ ಹತ್ರಾನೇ ಇವೆ, ನೆನಪಿರ್ಲಿ," ಎಂದು ಮೆಲ್ಲಗೆ ಹೇಳಿ ಕಾರಿಗೆ ಮರಳಿದ. ಹುಡುಗಿಯ ಮುಖ ಬಿಳುಚಿಕೊಂಡಿತು.

ಅಕ್ಕ ಎರಡೂ ತೋಳುಗಳನ್ನು ಸರಿಯಾಗಿ ಕೂರಿಸಿದಳು. ಅವಳ ಕೈಯಲ್ಲಿ ಅಷ್ಟು ಚೆಂದದ ಹೊಲಿಗೆ ನಾನು ನೋಡಿರಲಿಲ್ಲ. ದಾರ ಕಡಿದು ಹಿಂದೆ ಸರಿದು ನಿಂತಳು. "ಮುಗೀತು ಪುಟ್ಟಿ. ಕಟ್ಟಿಹಾಕಿ ನಿನ್ನ ಉಳಿಸ್ಕೊಳ್ಳೋಕೆ ನಂಗೆ ಬರಲ್ಲ. ಇರು ಅಂತ ಬೇಡ್ಕೋತೀನಿ ಅಷ್ಟೇ."

ನಾನು ಬಾಗಿಲಿಗೆ ಅಡ್ಡ ನಿಂತೆ. ಬೈಗುಳವೆಲ್ಲ ನಾಲಿಗೆಯ ತುದಿಗೇ ಬಂದಿತ್ತು, ಅಕ್ಕನ ಮುಖ ನೋಡಿ ನುಂಗಿಕೊಂಡೆ. ಕಾರಿನವನು ಹಾರ್ನ್ ಒತ್ತಿದ. ಗುಬ್ಬಿ ಸ್ಟೂಲಿನಿಂದ ಒಂದು ಕಾಲು ಕೆಳಗಿಟ್ಟಳು. ಆಮೇಲೆ ಅದನ್ನು ಮೇಲೆಳೆದುಕೊಂಡಳು.

"ದೊಡ್ಡತ್ತೆ," ಎಂದಳು. ದನಿ ಕೇಳಿಸುವಂತಿರಲಿಲ್ಲ. "ತೋಳು ಸರಿಯಾಗಿ ಕೂತಿಲ್ಲ."

ತೋಳು ಅಚ್ಚುಕಟ್ಟಾಗಿ ಕೂತಿತ್ತು. ಅಕ್ಕ ಅವಳನ್ನೇ ನೋಡಿದಳು.

"ಬಿಚ್ಚಿ," ಎಂದಳು ಗುಬ್ಬಿ, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ. "ಅಮ್ಮನ್ನ ಕರೀರಿ. ಅಮ್ಮ ಬರೋ ತನಕ ಬಿಚ್ತಾನೇ ಇರಿ."

ನಾನು ಅಂಗಡಿಯ ಷಟರ್ ಕೆಳಗೆಳೆದೆ.